ಕಿಡ್ನಿ ಕಸಿಯ ನಂತರದ ಶುಗರ್: ಸೊಂಟದ ಟೇಪು, ಸಂಜೆಯ ಸ್ಟ್ರಿಪ್ಪು

ಕಿಡ್ನಿ ಕಸಿ ಮಾಡಿಸಿಕೊಂಡವರ ಫೈಲಿನಲ್ಲಿ ‘ಖಾಲಿಹೊಟ್ಟೆ ಶುಗರ್ 92, ನಾರ್ಮಲ್’ ಎಂದು ಬರೆದಿರುತ್ತದೆ. ಅದೇ ವ್ಯಕ್ತಿಯ ಬೆರಳನ್ನು ಅದೇ ದಿನ ಸಂಜೆ ಐದಕ್ಕೆ ಚುಚ್ಚಿದರೆ 230 ಬರಬಹುದು. ಮೀಟರೂ ಕೆಟ್ಟಿಲ್ಲ, ಲ್ಯಾಬೂ ತಪ್ಪಿಲ್ಲ. ಬೆಳಿಗ್ಗೆ ಎಂಟಕ್ಕೆ ನುಂಗಿದ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ಮಧ್ಯಾಹ್ನದಿಂದ ಸಂಜೆಯವರೆಗೆ ಸಕ್ಕರೆಯನ್ನು ಮೇಲಕ್ಕೆ ತಳ್ಳಿ, ರಾತ್ರಿ ಕಳೆಯುವಷ್ಟರಲ್ಲಿ ಸುಮ್ಮನಾಗುತ್ತದೆ. ಬೆಳಗಿನ ರಕ್ತ ಮಾತ್ರ ನೋಡುವವರ ಕಣ್ಣಿಗೆ ಈ ಏರಿಳಿತ ಬೀಳುವುದೇ ಇಲ್ಲ.

ಮೊದಲು ಶುಗರ್ ಇಲ್ಲದೆ, ಕಸಿಯ ನಂತರ ಶುರುವಾಗುವ ಮಧುಮೇಹ ಅಪರೂಪವೇನಲ್ಲ. ಯಾರನ್ನು ಹೇಗೆ ಪರೀಕ್ಷಿಸಿದರು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ನೂರರಲ್ಲಿ 10ರಿಂದ 40 ಜನ ಎನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ವಯಸ್ಸು, ಮನೆತನದಲ್ಲಿ ಶುಗರ್, ಹೆಪಟೈಟಿಸ್ ಸಿ, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಮತ್ತು ಸ್ಟೀರಾಯ್ಡ್ ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ಇವುಗಳಲ್ಲಿ ಬಹುತೇಕ ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಹೊಟ್ಟೆಯ ಕೊಬ್ಬು. ಹಾಗಾಗಿ ಅಲ್ಲಿಂದಲೇ ಆರಂಭಿಸೋಣ.

ಕೊಬ್ಬು ಕಳಿಸುವ ಸಂದೇಶ

ಕೊಬ್ಬು ಎಂದರೆ ಮಿಕ್ಕಿದ ಶಕ್ತಿ ತುಂಬಿಟ್ಟ ಗೋದಾಮು ಎಂದೇ ಬಹಳ ಕಾಲ ತಿಳಿದಿದ್ದರು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಪತ್ತೆಹಚ್ಚಿದ ಮೇಲೆ, ಕೊಬ್ಬು ಹಾರ್ಮೋನು ಸುರಿಸುವ ಅಂಗವೂ ಹೌದು ಎಂದು ಒಪ್ಪಬೇಕಾಯಿತು. ಒಂದೆರಡು ವರ್ಷದೊಳಗೆ ಅಡಿಪೊನೆಕ್ಟಿನ್ ಕೂಡ ಸಿಕ್ಕಿತು.

ಲೆಪ್ಟಿನ್ ‘ಸಾಕು, ಊಟ ನಿಲ್ಲಿಸು’ ಎಂದು ಮೆದುಳಿಗೆ ಹೇಳುತ್ತದೆ. ಕೊಬ್ಬು ಹೆಚ್ಚಿದಷ್ಟೂ ಲೆಪ್ಟಿನ್ ಹೆಚ್ಚುತ್ತದೆ, ಆದರೆ ಮೆದುಳು ಅದಕ್ಕೆ ಕಿವಿಗೊಡುವುದನ್ನು ಬಿಡುತ್ತದೆ. ಅಡಿಪೊನೆಕ್ಟಿನ್‌ನ ನಡೆ ಉಲ್ಟಾ. ಹೊಟ್ಟೆಯೊಳಗೆ ಕರುಳು, ಯಕೃತ್ತಿನ ಸುತ್ತ ಕೊಬ್ಬಿನ ಕೋಶಗಳು ಉಬ್ಬಿದಷ್ಟೂ ಅದು ಕಡಿಮೆಯಾಗುತ್ತದೆ. ಯಕೃತ್ತು ಬೇಡದ ಹೊತ್ತಿನಲ್ಲಿ ಸಕ್ಕರೆ ಬಿಡದಂತೆ ತಡೆಯುವುದು, ಸ್ನಾಯು ಇನ್ಸುಲಿನ್ನಿನ ಮಾತು ಕೇಳುವಂತೆ ಮಾಡುವುದು ಇದರ ಕೆಲಸ. ಅದು ಇಳಿದರೆ ಅಷ್ಟೇ ಸಕ್ಕರೆಗೆ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಬೇಕು. ಉಬ್ಬಿದ ಕೊಬ್ಬು ಉರಿಯೂತದ ರಾಸಾಯನಿಕಗಳನ್ನೂ ಹೊರಬಿಡುವುದರಿಂದ ಹೊರೆ ಇನ್ನೂ ಏರುತ್ತದೆ.

ಸಾಮಾನ್ಯ ಮನುಷ್ಯನಲ್ಲಿ ಗ್ರಂಥಿ ಹೇಗೋ ತೂಗಿಸಿಕೊಂಡು ಹೋಗುತ್ತದೆ. ಕಸಿಯಾದವರಲ್ಲಿ ಟ್ಯಾಕ್ರೊಲಿಮಸ್ ಅದೇ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಕೈ ಕಟ್ಟಿಹಾಕಿರುತ್ತದೆ. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ. ಕಸಿಗೆ ಮುಂಚೆ ಅಡಿಪೊನೆಕ್ಟಿನ್ ಕಡಿಮೆಯಿದ್ದವರಲ್ಲಿ ನಂತರ ಮಧುಮೇಹ ಹೆಚ್ಚು ಕಂಡಿದೆ ಎಂದು ಹಲವು ಅಧ್ಯಯನಗಳು ಹೇಳಿರುವುದು ಈ ಲೆಕ್ಕಕ್ಕೆ ಸರಿಹೊಂದುತ್ತದೆ.

ಹಾಗಾದರೆ ಅಡಿಪೊನೆಕ್ಟಿನ್ ಟೆಸ್ಟ್ ಮಾಡಿಸಬೇಕೆ? ಬೇಡ, ದುಡ್ಡು ದಂಡ. ಈ ಎರಡೂ ಹಾರ್ಮೋನುಗಳನ್ನು ರಕ್ತದಿಂದ ತೆಗೆದುಹಾಕುವಲ್ಲಿ ಕಿಡ್ನಿಗೂ ಪಾಲಿದೆ. ಡಯಾಲಿಸಿಸ್‌ನಲ್ಲಿರುವವರಲ್ಲಿ ಎರಡೂ ಏರಿರುತ್ತವೆ. ಹೊಸ ಕಿಡ್ನಿ ಕೆಲಸಕ್ಕೆ ಇಳಿದ ಮೇಲೆ ತಾವಾಗಿಯೇ ಇಳಿಯುತ್ತವೆ. ಇಳಿದದ್ದು ಕಿಡ್ನಿ ಚೆನ್ನಾಗಿರುವುದರಿಂದಲೋ, ಹೊಟ್ಟೆ ಬೆಳೆದದ್ದರಿಂದಲೋ ಎಂದು ಆ ಒಂದು ಅಂಕಿ ಹೇಳುವುದಿಲ್ಲ. ಅದನ್ನು ನೋಡಿ ಔಷಧಿ ಬದಲಿಸುವ ಪದ್ಧತಿಯೂ ಇಲ್ಲ. ದರ್ಜಿಯ ಟೇಪು ಇದಕ್ಕಿಂತ ಉಪಯುಕ್ತ.

ಸೊಂಟ ಅಳೆಯುವುದು

ತೂಕದ ಯಂತ್ರವೊಂದನ್ನೇ ನಂಬಿದರೆ ಕಸಿಯಾದವರು ಮೋಸಹೋಗುತ್ತಾರೆ. ಡಯಾಲಿಸಿಸ್ ಕಾಲದ ತೂಕದಲ್ಲಿ ನೀರೂ ಸೇರಿರುತ್ತದೆ. ಕಸಿಯ ನಂತರ ನೀರು ಇಳಿಯುತ್ತದೆ, ಸ್ಟೀರಾಯ್ಡಿನಿಂದ ತೊಡೆ-ತೋಳಿನ ಸ್ನಾಯು ಸವೆಯುತ್ತದೆ, ಹೊಟ್ಟೆಯಲ್ಲಿ ಕೊಬ್ಬು ಕೂರುತ್ತದೆ. ಕೂಡಿ ಕಳೆದರೆ ತೂಕ ಅಷ್ಟೇ! ಪ್ಯಾಂಟಿನ ಗುಂಡಿ ಮಾತ್ರ ಹಾಕಲಾಗುವುದಿಲ್ಲ.

ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ಬರಿ ಮೈಮೇಲೆ ಅಳೆಯಿರಿ. ಪಕ್ಕೆಯಲ್ಲಿ ಕೊನೆಯ ಪಕ್ಕೆಲುಬಿನ ಕೆಳಅಂಚನ್ನು ಬೆರಳಿನಿಂದ ಹುಡುಕಿ ಪೆನ್ನಿನಿಂದ ಗುರುತು ಮಾಡಿ. ಸೊಂಟದ ಮೂಳೆಯ ಮೇಲಂಚಿಗೆ ಇನ್ನೊಂದು ಗುರುತು. ಇವೆರಡರ ನಡುಮಧ್ಯದಲ್ಲಿ ಟೇಪು ಸುತ್ತಿ. ಹಿಂಭಾಗದಲ್ಲಿ ಟೇಪು ಜಾರಿ ಓರೆಯಾಗುವುದೇ ಸಾಮಾನ್ಯ ತಪ್ಪು. ಕನ್ನಡಿ ಮುಂದೆ ನಿಲ್ಲಿ, ಇಲ್ಲವೇ ಮನೆಯವರಿಗೆ ನೋಡಲು ಹೇಳಿ. ಉಸಿರನ್ನು ಸಹಜವಾಗಿ ಹೊರಬಿಟ್ಟ ಕೊನೆಯಲ್ಲಿ, ಹೊಟ್ಟೆ ಒಳಗೆಳೆಯದೆ ಓದಿ. ಎರಡು ಸಲ ಅಳೆದು, ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ.

ಕಸಿ ಮಾಡಿದ ಕಿಡ್ನಿ ಸಾಮಾನ್ಯವಾಗಿ ಹೊಟ್ಟೆಯ ಕೆಳಭಾಗದಲ್ಲಿ, ಹೆಚ್ಚಾಗಿ ಬಲಗಡೆ, ಸೊಂಟದ ಮೂಳೆಯ ಒಳಮಗ್ಗುಲಲ್ಲಿರುತ್ತದೆ. ಅಲ್ಲಿ ಉಬ್ಬು ಇರುವುದು ಸಹಜ. ಹೊಕ್ಕುಳ ಕೆಳಗೆ, ಪ್ಯಾಂಟು ಕಟ್ಟುವ ಜಾಗದಲ್ಲಿ ಅಳೆದರೆ ಆ ಉಬ್ಬೂ ಲೆಕ್ಕಕ್ಕೆ ಸೇರುತ್ತದೆ. ಮೇಲೆ ಹೇಳಿದ ನಡುಜಾಗದಲ್ಲಿ ಈ ತೊಂದರೆ ಇರುವುದಿಲ್ಲ. ಪಾಲಿಸಿಸ್ಟಿಕ್ ಕಾಯಿಲೆಯಿಂದ ಹಳೆಯ ಕಿಡ್ನಿಗಳು ದೊಡ್ಡದಾಗಿ ಬೆಳೆದವರಲ್ಲಿ ಮಾತ್ರ ಯಾವ ಜಾಗದ ಅಳತೆಯೂ ಕೊಬ್ಬನ್ನು ತೋರಿಸದು. ಅಂಥವರು ಅಂಕಿಗಿಂತ ತಿಂಗಳಿಂದ ತಿಂಗಳಿಗೆ ಆಗುವ ಬದಲಾವಣೆಯನ್ನೇ ಗಮನಿಸಬೇಕು.

ನಮ್ಮ ಜನಕ್ಕೆ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಯೂರೋಪಿನವರಿಗೆ ಹೇಳುವ 94 ನಮಗೆ ಹೊಂದುವುದಿಲ್ಲ. ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ. ಬಿಎಂಐ ಕೂಡ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರಿನಲ್ಲೇ ಬರೆದಿಡಿ. ಮೂರು ತಿಂಗಳಲ್ಲಿ 4 ಸೆಂ.ಮೀ. ಏರಿದರೆ, ಮಿತಿ ದಾಟಿಲ್ಲದಿದ್ದರೂ, ಮುಂದಿನ ಒಪಿಡಿಯಲ್ಲಿ ಬಾಯಿಬಿಟ್ಟು ಹೇಳಿ.

ಮನೆಯಲ್ಲಿ ಶುಗರ್ ನೋಡುವುದು

ಕಿಡ್ನಿ ಚಿಕಿತ್ಸೆಗೆ ಮಾರ್ಗಸೂಚಿ ಬರೆಯುವ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ 2009ರ ಮಾರ್ಗಸೂಚಿ ಹೇಳುವುದು ಹೀಗೆ: ಮೊದಲ ನಾಲ್ಕು ವಾರ ವಾರಕ್ಕೊಮ್ಮೆಯಾದರೂ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ. ಆಸ್ಪತ್ರೆಯ ಪಾಲಿಗೆ ಇದು ಸರಿ. ಮನೆಯಲ್ಲಿ ಮೊದಲ ಆರು ವಾರ ದಿನಕ್ಕೆ ಎರಡು ಸಲ ನೋಡುವುದು ಒಳ್ಳೆಯದು: ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ಒಮ್ಮೆ, ಸಂಜೆ ನಾಲ್ಕರಿಂದ ಆರರೊಳಗೆ ಕಾಫಿ-ತಿಂಡಿಗೆ ಮುಂಚೆ ಇನ್ನೊಮ್ಮೆ. ಸ್ಟ್ರಿಪ್ಪಿಗೆ ದುಡ್ಡು ಸಾಲದಿದ್ದರೆ ಬೆಳಗಿನದನ್ನು ಬಿಡಿ, ಸಂಜೆಯದನ್ನು ಬಿಡಬೇಡಿ. ಸ್ಟೀರಾಯ್ಡ್ 5 ಮಿಲಿಗ್ರಾಮಿಗೆ ಇಳಿದು ಅಂಕಿಗಳು ನೆಲೆಗೊಂಡ ಮೇಲೆ ವಾರಕ್ಕೆರಡು ಸಂಜೆ ಸಾಕು.

ಸಂಜೆ 140ರ ಒಳಗಿದ್ದರೆ ನೆಮ್ಮದಿ. 140ರಿಂದ 200ರ ನಡುವೆ ಮೂರ್ನಾಲ್ಕು ದಿನ ಸತತವಾಗಿ ಬಂದರೆ ಬರೆದುಕೊಂಡು ತೋರಿಸಿ. 200 ದಾಟಿ ಎರಡು ಸಲ ಬಂದರೆ ಅಂದೇ ಫೋನ್ ಮಾಡಿ. 300 ದಾಟಿದರೆ, ಅಥವಾ ಜೊತೆಗೆ ವಿಪರೀತ ಬಾಯಾರಿಕೆ, ವಾಂತಿ ಇದ್ದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಮೀಟರು ತಪ್ಪು ಹೇಳುವುದು ಹೆಚ್ಚಾಗಿ ಕೈಯಿಂದ. ಮಾವಿನಹಣ್ಣು ಕೊಯ್ದ ಬೆರಳಿನಲ್ಲಿ ನೋಡಿದರೆ ಇಲ್ಲದ ಶುಗರ್ ಬರುತ್ತದೆ, ಸ್ಪಿರಿಟ್ಟಿನಲ್ಲಿ ಒರೆಸಿದರೂ ಪೂರ್ತಿ ಹೋಗದು. ಸೋಪಿನಲ್ಲಿ ತೊಳೆದು ಒಣಗಿಸಿ. ಬೆರಳಿನ ತುದಿ ಬಿಟ್ಟು ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಸ್ಟ್ರಿಪ್ಪಿನ ಡಬ್ಬಿ ಮುಚ್ಚಳ ತೆರೆದಿಟ್ಟರೆ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಸ್ಟ್ರಿಪ್ ಹಾಳಾಗಲು ಬಹಳ ಹೊತ್ತು ಬೇಡ. ಹಿಮೋಗ್ಲೋಬಿನ್ ತೀರ ಕಡಿಮೆಯಿದ್ದರೆ ಅನೇಕ ಮೀಟರುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಹೊಸದಾಗಿ ಕಸಿಯಾದವರಲ್ಲಿ ರಕ್ತಹೀನತೆ ಮಾಮೂಲಿ. ಒಮ್ಮೆಯಾದರೂ ಲ್ಯಾಬಿನಲ್ಲಿ ರಕ್ತ ಕೊಡುವ ಹೊತ್ತಿಗೇ ಬೆರಳೂ ಚುಚ್ಚಿ ತಾಳೆ ನೋಡಿ.

ಮೂರು ತಿಂಗಳ ಸರಾಸರಿ ಎಂದು ಹೆಸರಾದ ಎಚ್‌ಬಿಎ1ಸಿ ಮೊದಲ ತಿಂಗಳುಗಳಲ್ಲಿ ನಂಬಿಕೆಗೆ ಬಾರದು. ಅದು ಕೆಂಪು ರಕ್ತಕಣದ ಆಯಸ್ಸನ್ನು ಆಧರಿಸಿದ ಲೆಕ್ಕ. ಕಸಿಯ ಆಸುಪಾಸಿನಲ್ಲಿ ರಕ್ತ ಕೊಟ್ಟಿರುತ್ತಾರೆ, ರಕ್ತಕಣ ಹುಟ್ಟಿಸುವ ಎರಿಥ್ರೊಪೊಯೆಟಿನ್ ಚುಚ್ಚಿರುತ್ತಾರೆ, ಹೊಸ ಕಣಗಳು ದಂಡಿಯಾಗಿ ಹುಟ್ಟಿರುತ್ತವೆ. ಸಕ್ಕರೆ ಅಂಟಿಕೊಳ್ಳಲು ಕಣಕ್ಕೆ ಸಮಯವೇ ಸಿಕ್ಕಿರುವುದಿಲ್ಲ. 5.6 ಬಂತೆಂದು ಹೋಳಿಗೆಗೆ ಕೈ ಹಾಕಬೇಡಿ. 6.5 ದಾಟಿದ್ದರೆ ಮಾತ್ರ ತಳ್ಳಿಹಾಕುವಂತಿಲ್ಲ.

75 ಗ್ರಾಂ ಗ್ಲೂಕೋಸಿನ ಪರೀಕ್ಷೆ

ಮಧುಮೇಹ ಇದೆಯೋ ಇಲ್ಲವೋ ಎಂದು ನಿಕ್ಕಿ ಮಾಡುವುದಕ್ಕೆ ಇದೇ ಎಲ್ಲಕ್ಕಿಂತ ನಂಬಲರ್ಹ. ಆಪರೇಷನ್ ಆದ ವಾರಗಳಲ್ಲಿ ಹೆಚ್ಚುಕಡಿಮೆ ಎಲ್ಲರ ಶುಗರೂ ಏರುವುದರಿಂದ ಆಗ ಮಾಡಿಸಿ ಫಲವಿಲ್ಲ. ಔಷಧಿಯ ಪ್ರಮಾಣ ಇಳಿದು ಸ್ಥಿರವಾಗಿ, ಸೋಂಕಿಲ್ಲದೆ, ಕಿಡ್ನಿ ಚೆನ್ನಾಗಿ ನಡೆಯುತ್ತಿರುವಾಗ, ಸಾಮಾನ್ಯವಾಗಿ ಮೂರನೆಯ ತಿಂಗಳ ಹೊತ್ತಿಗೆ ಮಾಡಿಸುತ್ತಾರೆ.

ಹಿಂದಿನ ಮೂರು ದಿನ ಅನ್ನ-ಮುದ್ದೆ ಬಿಟ್ಟು ಪಥ್ಯ ಮಾಡಬೇಡಿ. ಪರೀಕ್ಷೆಯಲ್ಲಿ ಪಾಸಾಗಲೆಂದು ಉಪವಾಸ ಮಾಡಿದವರಲ್ಲಿ ಶುಗರ್ ಸುಳ್ಳಾಗಿ ಏರುವುದುಂಟು. ದಿನಕ್ಕೆ 150 ಗ್ರಾಮಿಗೆ ಕಡಿಮೆಯಿಲ್ಲದಂತೆ ಪಿಷ್ಟ ಇರಲಿ, ಅಂದರೆ ಮಾಮೂಲಿ ಊಟ. ರಾತ್ರಿ ಊಟದ ನಂತರ 8ರಿಂದ 10 ತಾಸು ನೀರು ಮಾತ್ರ. ಲ್ಯಾಬಿನಲ್ಲಿ 75 ಗ್ರಾಂ ಗ್ಲೂಕೋಸನ್ನು 250–300 ಮಿ.ಲೀ. ನೀರಿನಲ್ಲಿ ಕರಗಿಸಿ ಕೊಡುತ್ತಾರೆ. ಅಂಗಡಿಯ ಗ್ಲೂಕೋಸ್ ಪುಡಿ ಮೊನೊಹೈಡ್ರೇಟ್ ಆಗಿದ್ದರೆ 82.5 ಗ್ರಾಂ ತೂಗಬೇಕು. ಚಮಚದ ಲೆಕ್ಕದಲ್ಲಿ ಕಲಸುವ ಕಡೆ ಇದನ್ನು ಕೇಳಿ ನೋಡಿ. ಐದು ನಿಮಿಷದೊಳಗೆ ಕುಡಿದು ಮುಗಿಸಿ. ಗಡಿಯಾರ ಶುರುವಾಗುವುದು ಮೊದಲ ಗುಟುಕಿನಿಂದ. ನಂತರದ ಎರಡು ತಾಸು ಕೂತೇ ಇರಬೇಕು. ‘ಹೇಗೂ ಟೈಮಿದೆ’ ಎಂದು ಮಾರ್ಕೆಟ್ ಸುತ್ತಿ ಬಂದರೆ ಸ್ನಾಯು ಸಕ್ಕರೆ ನುಂಗಿ ಅಂಕಿ ಇಳಿಯುತ್ತದೆ. ವಾಂತಿಯಾದರೆ ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ.

ಎರಡು ತಾಸಿನ ಅಂಕಿ 200 ಅಥವಾ ಮೇಲಿದ್ದರೆ ಮಧುಮೇಹ, 140ರಿಂದ 199 ಅದರ ಹೊಸ್ತಿಲು. ಖಾಲಿಹೊಟ್ಟೆಯದು 126 ಅಥವಾ ಮೇಲಿದ್ದರೆ ಮಧುಮೇಹ, 100ರಿಂದ 125 ಹೊಸ್ತಿಲು. ತೊಂದರೆಯ ಲಕ್ಷಣವಿಲ್ಲದವರಲ್ಲಿ ಇನ್ನೊಂದು ದಿನ ಮತ್ತೆ ನೋಡಿಯೇ ಹೆಸರಿಡಬೇಕು.

ಅದೇ ದಿನ ಟ್ಯಾಕ್ರೊಲಿಮಸ್ ಮಟ್ಟಕ್ಕೂ ರಕ್ತ ಕೊಡುವುದಿದ್ದರೆ, ಹಿಂದಿನ ರಾತ್ರಿಯ ಗುಳಿಗೆಯಿಂದ 12 ತಾಸಿಗೆ, ಬೆಳಗಿನ ಗುಳಿಗೆ ನುಂಗುವ ಮುಂಚೆ ಕೊಡಬೇಕು. ಗುಳಿಗೆ ನುಂಗಿ ಬಂದು ರಕ್ತ ಕೊಟ್ಟರೆ ಮಟ್ಟ ಸುಳ್ಳಾಗಿ ಹೆಚ್ಚು ಬರುತ್ತದೆ, ಡಾಕ್ಟರು ಡೋಸ್ ಇಳಿಸುತ್ತಾರೆ, ಕಿಡ್ನಿಗೆ ಕುತ್ತು. ಗುಳಿಗೆ ಜೇಬಿನಲ್ಲಿರಲಿ. ರಕ್ತ ಕೊಟ್ಟ ತಕ್ಷಣ ನುಂಗಬೇಕೋ, ಎರಡು ತಾಸು ಕಳೆದ ಮೇಲೋ ಎಂದು ಕಸಿ ಘಟಕದಲ್ಲಿ ಹಿಂದಿನ ದಿನವೇ ಕೇಳಿಕೊಳ್ಳಿ.

ಗುಳಿಗೆ ಬಿಡುವ ಯೋಚನೆ ಬೇಡ

ಟ್ಯಾಕ್ರೊಲಿಮಸ್‌ನಿಂದ ಶುಗರ್ ಬರುತ್ತದೆ ಎಂದು ಓದಿ ಅದನ್ನೇ ಅರ್ಧ ಮಾಡಿಕೊಂಡರೆ ಕಿಡ್ನಿ ತಿರಸ್ಕಾರಕ್ಕೆ ಬಾಗಿಲು ತೆರೆದಂತೆ. ಶುಗರಿಗೆ ಔಷಧಿ ಉಂಟು. ಹೋದ ಕಿಡ್ನಿಗೆ ಮತ್ತೆ ಡಯಾಲಿಸಿಸ್. ಸ್ಟೀರಾಯ್ಡ್ ಇಳಿಸುವುದು, ಟ್ಯಾಕ್ರೊಲಿಮಸ್ ಬದಲು ಅದೇ ಕೆಲಸದ ಸೈಕ್ಲೊಸ್ಪೊರಿನ್ ಕೊಡುವುದು ಇವೆಲ್ಲ ತಿರಸ್ಕಾರದ ಅಪಾಯವನ್ನು ತೂಗಿ ಡಾಕ್ಟರೇ ಮಾಡಬೇಕಾದ ಕೆಲಸ.

ನೀವು ಮಾಡಬೇಕಾದದ್ದು ಮಟ್ಟ ಹಾರದಂತೆ ನೋಡಿಕೊಳ್ಳುವುದು. 12 ತಾಸಿನ ಅಂತರ, ಊಟಕ್ಕೂ ಗುಳಿಗೆಗೂ ದಿನವೂ ಅದೇ ಸಂಬಂಧ. ಚಕ್ಕೋತ ಪೂರ್ತಿ ವರ್ಜ್ಯ; ದೇವನಹಳ್ಳಿಯ ತೋಟದಿಂದಲೇ ತಂದಿದ್ದರೂ ಸರಿ. ಅದರಲ್ಲಿರುವ ಅಂಶ ಕರುಳಿನಲ್ಲಿ ಈ ಔಷಧಿಯನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ಮಟ್ಟ ಏರಿದರೆ ಕೈ ನಡುಗುತ್ತದೆ, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಏರುತ್ತದೆ, ಶುಗರೂ ಏರುತ್ತದೆ. ಫಂಗಸ್ ಔಷಧಿ ಫ್ಲುಕೊನಜೋಲ್, ಬಿಪಿ ಔಷಧಿ ಡಿಲ್ಟಿಯಜೆಮ್ ಕೂಡ ಇದನ್ನೇ ಮಾಡುತ್ತವೆ. ಚರ್ಮದ ಹುಳುಕಡ್ಡಿಗೆಂದು ಮೆಡಿಕಲ್ ಶಾಪಿನವರು ಕೊಟ್ಟ ಗುಳಿಗೆ ಫ್ಲುಕೊನಜೋಲ್ ಗುಂಪಿನದಾಗಿರಬಹುದು. ಅಮೃತಬಳ್ಳಿ ಕಷಾಯವೂ ಬೇಡ: ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದೇ ಅದನ್ನು ಕುಡಿಯುತ್ತಾರೆ, ನಿಮ್ಮ ಗುಳಿಗೆಗಳೆಲ್ಲ ಇರುವುದು ಅದನ್ನು ತಗ್ಗಿಸಲಿಕ್ಕೆ.

ಟ್ಯಾಕ್ರೊಲಿಮಸ್ ಮೂತ್ರದಲ್ಲಿ ಮೆಗ್ನೀಸಿಯಂ ಸೋರುವಂತೆಯೂ ಮಾಡುತ್ತದೆ. ರಕ್ತದಲ್ಲಿ ಅದು ಕಡಿಮೆಯಿರುವವರಲ್ಲಿ ಮಧುಮೇಹ ಹೆಚ್ಚು ಕಂಡಿದೆ. ರಕ್ತ ಪರೀಕ್ಷೆಯ ಪಟ್ಟಿಯಲ್ಲಿ ಇಲ್ಲದಿದ್ದರೆ ಸೇರಿಸಲು ಕೇಳಿ.

ಊಟ

ಡಯಾಲಿಸಿಸ್ ಕಾಲದಲ್ಲಿ ವರ್ಷಗಟ್ಟಲೆ ಬೇಳೆ ಅಳೆದು, ತರಕಾರಿ ಬೇಯಿಸಿ ನೀರು ಚೆಲ್ಲಿ ತಿಂದವರಿಗೆ ಕಸಿಯ ನಂತರ ನಾಲಿಗೆ ಮರಳಿ ಬರುತ್ತದೆ. ಸ್ಟೀರಾಯ್ಡ್ ಹಸಿವನ್ನು ಇಮ್ಮಡಿ ಮಾಡುತ್ತದೆ. ‘ಸೊರಗಿದ್ದಾನೆ, ತಿನ್ನಲಿ’ ಎಂದು ಮನೆಯವರು ಬಡಿಸುತ್ತಾರೆ. ಮೊದಲ ವರ್ಷದ ತೂಕ ಏರುವುದು ಹೀಗೆ.

ರಾಗಿ ತಿಂದರೆ ಶುಗರ್ ಬರುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೇ ಇರುವುದು. ನುಣ್ಣನೆಯ ಹಿಟ್ಟಿನ ದೊಡ್ಡ ಮುದ್ದೆ ಎರಡು ನುಂಗಿದರೆ ಅನ್ನಕ್ಕಿಂತ ಕಡಿಮೆಯೇನೂ ಏರಿಸದು. ಒಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ 50 ಗ್ರಾಂ ಹಿಟ್ಟು ತೂಗಿ ಮುದ್ದೆ ಕಟ್ಟಿ ನೋಡಿ, ಗಾತ್ರ ಕಣ್ಣಿಗೆ ಕೂರುತ್ತದೆ. ಒಂದು ಹೊತ್ತಿಗೆ ಆ ಒಂದು ಮುದ್ದೆ, ಅಥವಾ ಒಂದು ಸಣ್ಣ ಬಟ್ಟಲು ಅನ್ನ, ಅಥವಾ ಎರಡು ಸಣ್ಣ ಚಪಾತಿ, ಮೂರರಲ್ಲಿ ಒಂದು. ತಟ್ಟೆಯ ಅರ್ಧ ಪಲ್ಯ, ಹುಳಿಯಲ್ಲಿ ಬೇಳೆ ದಪ್ಪವಾಗಿರಲಿ. ಮೊದಲು ಪಲ್ಯ-ಬೇಳೆ ತಿಂದು ಅನ್ನವನ್ನು ಕೊನೆಗೆ ಉಂಡರೆ ಸಕ್ಕರೆ ನಿಧಾನ ಏರುತ್ತದೆ.

ಸ್ಟೀರಾಯ್ಡಿನ ಏರು ಹೊತ್ತು ಮಧ್ಯಾಹ್ನದೂಟ ಮತ್ತು ಸಂಜೆ ತಿಂಡಿ. ಹಾಗಾಗಿ ಇಡ್ಲಿ-ದೋಸೆ ಬೆಳಿಗ್ಗೆ ತಿನ್ನಿ, ಸಂಜೆ ಬನ್ನು, ಬಿಸ್ಕತ್ತು, ಬಜ್ಜಿಯ ಜಾಗದಲ್ಲಿ ಹುರಿದ ಕಡಲೆ, ಉಸಲಿ, ಮಜ್ಜಿಗೆ ಇರಲಿ. ಹಸಿ ಮೊಳಕೆಕಾಳು ಬೇಡ, ಸೋಂಕಿನ ಭಯ, ಆವಿಯಲ್ಲಿ ಬೇಯಿಸಿ. ಮೊದಲ ತಿಂಗಳುಗಳಲ್ಲಿ ಕೋಸಂಬರಿಯ ಹೆಸರುಬೇಳೆಗೂ ಇದೇ ನಿಯಮ. ಎಳನೀರು, ಹಣ್ಣಿನ ರಸ ಆರೋಗ್ಯಕರ ಎಂದು ಕುಡಿಯುವ ಮುಂಚೆ ಪೊಟ್ಯಾಸಿಯಂ ನೋಡಿಸಿ. ಟ್ಯಾಕ್ರೊಲಿಮಸ್ ಮತ್ತು ಸೋಂಕು ತಡೆಗೆ ಕೊಡುವ ಕೋಟ್ರೈಮೊಕ್ಸಜೋಲ್ ಎರಡೂ ಅದನ್ನು ಏರಿಸುತ್ತವೆ.

ನಡಿಗೆ

ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿನ ಅಪ್ಪಣೆ ಇಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಊಟವಾಗಿ 15–20 ನಿಮಿಷಕ್ಕೆ ಎದ್ದು ಕಾಲು ತಾಸು ನಡೆಯುವುದು ಇದಕ್ಕೇ. ವಾರಕ್ಕೆ 150 ನಿಮಿಷದ ಗುರಿಯನ್ನು ಎರಡು-ಮೂರು ತಿಂಗಳಲ್ಲಿ ಮುಟ್ಟಿದರೆ ಸಾಕು. ಮೊದಲ ಆರೆಂಟು ವಾರ 4–5 ಕೆ.ಜಿ.ಗಿಂತ ಭಾರ ಎತ್ತಬೇಡಿ. ತುಂಬಿದ ಬಿಂದಿಗೆ ಅದಕ್ಕಿಂತ ಎಷ್ಟೋ ಭಾರ. ಗಾಯ ಮಾಗಿದ ಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಹತ್ತರಂತೆ ಮಾಡಿ. ಸ್ಟೀರಾಯ್ಡ್ ಮೊದಲು ತಿನ್ನುವುದು ತೊಡೆಯನ್ನೇ.

ಔಷಧಿ ಶುರುವಾದರೆ

ಮೊದಲ ವಾರಗಳಲ್ಲಿ ಇನ್ಸುಲಿನ್ನೇ ಹೆಚ್ಚು. ಗಾಬರಿಯಾಗಬೇಡಿ, ಅದು ಜೀವನಪರ್ಯಂತ ಎಂದು ಅರ್ಥವಲ್ಲ. ವಿಯೆನ್ನಾದಲ್ಲಿ 50 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಂಜೆಯ ಶುಗರ್ ನೋಡಿ ಬೇಗನೆ ಇನ್ಸುಲಿನ್ ಕೊಟ್ಟವರಲ್ಲಿ ವರ್ಷದ ನಂತರ ಮಧುಮೇಹ ಕಡಿಮೆಯಿತ್ತು. ಬೀಟಾ ಕೋಶಕ್ಕೆ ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ ಎಂಬುದು ಅದರ ಹಿಂದಿನ ತರ್ಕ. ನಂತರದ ದೊಡ್ಡ ಪ್ರಯೋಗದಲ್ಲಿ ಲಾಭ ಅಷ್ಟು ನಿಚ್ಚಳವಾಗಲಿಲ್ಲ, ಶುಗರ್ ಇಳಿದು ತೊಂದರೆಯಾದದ್ದು ಹೆಚ್ಚಾಯಿತು. ಬೆಳಿಗ್ಗೆ ಕೊಡುವ ಎನ್‌ಪಿಎಚ್ ಎಂಬ ಮಧ್ಯಮ ಅವಧಿಯ ಇನ್ಸುಲಿನ್ನಿನ ಏರಿಳಿತ ಪ್ರೆಡ್ನಿಸೊಲೋನ್‌ನ ಏರಿಳಿತಕ್ಕೆ ಹೊಂದುತ್ತದೆ. ಸ್ಟೀರಾಯ್ಡನ್ನು 20ರಿಂದ 10 ಮಿಲಿಗ್ರಾಮಿಗೆ ಇಳಿಸಿದ ದಿನ ಇನ್ಸುಲಿನ್ನನ್ನೂ ಇಳಿಸಬೇಕೇ ಎಂದು ಕೇಳಲೇಬೇಕು. ಇದನ್ನು ಮರೆತಾಗಲೇ ಶುಗರ್ ಕುಸಿದು ಬೆವರು, ನಡುಕ ಬರುವುದು. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಿ. ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನು ತಡೆಯುವ ವೊಗ್ಲಿಬೋಸ್ ಗುಳಿಗೆ ತಿನ್ನುವವರಿಗೆ ಸಕ್ಕರೆ ಬೇಗ ಹತ್ತದು, ಗ್ಲೂಕೋಸ್ ಪುಡಿಯೇ ಬೇಕು.

ಗುಳಿಗೆಗಳಲ್ಲಿ ಲಿನಾಗ್ಲಿಪ್ಟಿನ್‌ಗೆ ಕಿಡ್ನಿಯ ಲೆಕ್ಕ ನೋಡಿ ಡೋಸ್ ಬದಲಿಸಬೇಕಿಲ್ಲ, ಸಿಟಾಗ್ಲಿಪ್ಟಿನ್‌ಗೆ ಬದಲಿಸಬೇಕು. ಮೆಟ್‌ಫಾರ್ಮಿನ್ ಅನ್ನು ಕಿಡ್ನಿ ಎಷ್ಟು ಸೋಸುತ್ತದೆ ಎಂದು ತೋರಿಸುವ ಇಜಿಎಫ್‌ಆರ್ 45ಕ್ಕಿಂತ ಕೆಳಗಿದ್ದರೆ ಹೊಸದಾಗಿ ಶುರುಮಾಡುವುದಿಲ್ಲ, 30ಕ್ಕಿಂತ ಕೆಳಗೆ ನಿಲ್ಲಿಸುತ್ತಾರೆ. ಅಡಿಪೊನೆಕ್ಟಿನ್ ಅನ್ನು ನೇರವಾಗಿ ಏರಿಸುವ ಗುಳಿಗೆಯೂ ಒಂದಿದೆ, ಪಯೋಗ್ಲಿಟಜೋನ್. ಕೇಳಲು ಚೆಂದ, ಆದರೆ ಮೈಯಲ್ಲಿ ನೀರು ನಿಲ್ಲಿಸುತ್ತದೆ, ಹೃದಯ ದುರ್ಬಲವಿದ್ದವರಿಗೆ ಸಲ್ಲದು, ಸ್ಟೀರಾಯ್ಡಿನಿಂದ ಮೊದಲೇ ಸವೆದ ಮೂಳೆಗೆ ಇನ್ನಷ್ಟು ಪೆಟ್ಟು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಎಂಪಾಗ್ಲಿಫ್ಲೊಜಿನ್ ಗುಂಪಿನವು ತೂಕವನ್ನೂ ಇಳಿಸುತ್ತವೆ, ಜನನಾಂಗದ ಫಂಗಸ್ ಮತ್ತು ಮೂತ್ರದ ಸೋಂಕಿನ ಮೇಲೆ ಕಣ್ಣಿಡಬೇಕು. ಆಪರೇಷನ್ ಆದ ಹೊಸದರಲ್ಲಿ, ಮೂತ್ರನಾಳದಲ್ಲಿಟ್ಟ ಸ್ಟೆಂಟ್ (ಸಣ್ಣ ಕೊಳವೆ) ಒಳಗಿರುವಾಗ ಬೇಡ.

ವಾಂತಿ-ಭೇದಿಯ ದಿನ ಬೇರೆಯೇ ನಿಯಮ. ಎಂಪಾಗ್ಲಿಫ್ಲೊಜಿನ್, ಮೆಟ್‌ಫಾರ್ಮಿನ್ ಎರಡನ್ನೂ ಆ ದಿನಕ್ಕೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಇನ್ಸುಲಿನ್ನನ್ನು ಕೇಳದೆ ಪೂರ್ತಿ ಬಿಡಬೇಡಿ. ಭೇದಿಯಾದಾಗ ಟ್ಯಾಕ್ರೊಲಿಮಸ್ ಮಟ್ಟ ಇಳಿಯಬೇಕಲ್ಲ ಎಂದು ತೋರುತ್ತದೆ. ಆಗುವುದು ಹೆಚ್ಚಾಗಿ ಉಲ್ಟಾ, ಕರುಳಿನ ಗೋಡೆ ಕೆಟ್ಟು ಔಷಧಿ ಹೆಚ್ಚು ಒಳಸೇರುತ್ತದೆ. ಎರಡು ದಿನ ಭೇದಿ ನಿಲ್ಲದಿದ್ದರೆ ಮಟ್ಟ, ಕ್ರಿಯಾಟಿನಿನ್, ಶುಗರ್ ಮೂರನ್ನೂ ಒಟ್ಟಿಗೆ ನೋಡಿಸಿ. ಗುಳಿಗೆ ನುಂಗಿ ಅರ್ಧ ತಾಸಿನೊಳಗೆ ವಾಂತಿಯಾದರೆ ಮತ್ತೆ ನುಂಗಬೇಕೋ ಬೇಡವೋ ಎಂದು ಕಸಿ ಘಟಕಕ್ಕೆ ಫೋನ್ ಮಾಡಿ ಕೇಳಿ. ಆ ನಂಬರನ್ನು ಗುಳಿಗೆ ಡಬ್ಬಿಯ ಮುಚ್ಚಳದ ಮೇಲೆಯೇ ಅಂಟಿಸಿಡಿ.